ಹದಿನಾಲ್ಕು ಹಿತ್ತಾಳೆ ಕಣ್ಣು

ಕೋವಿ ರಿಪೇರಿ ಮಾಡುವವನಿಗೆ ಸಿಟ್ಟು ಇರಬಾರದು ಎಂದು ನನಗೆ ಉಪದೇಶ ಮಾಡಿದವರು ತುಂಬ ಜನ. ಅವರಲ್ಲಿ ಒಬ್ಬರೂ ಕೋವಿ ರಿಪೇರಿ ಮಾಡಿದವರಲ್ಲ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನ ಅಂಗಡಿ ಇತ್ತು. ನನಗೆ ಸಿಟ್ಟು ಬರಿಸುವವರು ಬಸ್ಸಿಗೊಬ್ಬರಂತೆ ಬಂದು ಇಳಿಯುತ್ತಿದ್ದರು. ಬಂಟ್ವಾಳದ ಬಸ್ಸಿನಿಂದ ಒಬ್ಬ, ಬೆಳ್ತಂಗಡಿ ಬಸ್ಸಿನಿಂದ ಇನ್ನೊಬ್ಬ. ಕಂಕುಳಲ್ಲಿ ಗೋಣಿ ಸುತ್ತಿದ ಕೋವಿ. ಹಂದಿ, ಮಂಗಗಳಿಂದ ಬೆಳೆ ಕಾಯುವುದಕ್ಕೆಂದು ಸರ್ಕಾರ ಲೈಸನ್ಸು ಕೊಟ್ಟ ಒಂಟಿ ನಳಿಗೆಯ ಕೋವಿಗಳು ಅವು.

ನನ್ನ ಹೆಚ್ಚಿನ ಕೆಲಸ ಕೋವಿಗೆ ಕಣ್ಣು ಹಾಕುವುದು. ನಳಿಗೆಯ ತುದಿಯಲ್ಲಿ ಕಾಳುಮೆಣಸಿನಷ್ಟು ಹಿತ್ತಾಳೆಯ ಗುಂಡು ಇರುತ್ತದಲ್ಲ, ಅದು ಮುಂದಿನ ಕಣ್ಣು. ನಳಿಗೆಯ ಬುಡದಲ್ಲಿ ಸೀಳು ಬಿಟ್ಟ ಕಬ್ಬಿಣದ ತುಂಡು ಹಿಂದಿನ ಕಣ್ಣು. ಹಿಂದಿನ ಸೀಳಿನ ನಡುವೆ ಮುಂದಿನ ಗುಂಡು ಕಂಡರೆ ಗುರಿ ಸರಿ. ಈ ಹೆಸರು ಇಟ್ಟದ್ದು ನಾನಲ್ಲ, ನನಗೆ ಕೆಲಸ ಕಲಿಸಿದ ಗುರುಗಳು. ಆ ಒಂದು ಶಬ್ದ ನನ್ನ ಅಂಗಡಿಗೆ ಬೀಗ ಹಾಕಿಸುವವರೆಗೆ ಹೋಗುತ್ತದೆ ಎಂದು ಅವರಿಗೂ ಗೊತ್ತಿರಲಿಲ್ಲ, ಪಾಪ.

೧. ಎಂತದೂ ಕಾಣುವುದಿಲ್ಲ

ಬಂಟ್ವಾಳದಲ್ಲಿ ಹೋಟೆಲು, ಪೊಳಲಿ ಕಡೆಯಲ್ಲಿ ತೋಟ ಇದ್ದ ಒಬ್ಬರು ನನ್ನ ಗಿರಾಕಿ. ಅವರು ಒಂದೇ ತಿಂಗಳಲ್ಲಿ ಮೂರು ಸಲ ಬಂದರು. ಮೂರು ಸಲವೂ ಒಂದೇ ದೂರು.

"ಆಚಾರ್ರೆ, ನೀವು ಹಾಕಿದ ಕಣ್ಣು ಸರಿ ಇಲ್ಲ. ಗುರಿ ಇಟ್ಟರೆ ಎಂತದೂ ಕಾಣುವುದಿಲ್ಲ."

ಮೊದಲನೆಯ ಸಲ ಗುಂಡನ್ನು ಉಜ್ಜಿ ಹೊಳಪು ಬರಿಸಿ ಕೊಟ್ಟೆ. ಎರಡನೆಯ ಸಲ ದೊಡ್ಡ ಗುಂಡು ಕೂರಿಸಿದೆ. ಮೂರನೆಯ ಸಲ ಹಿಂದಿನ ಸೀಳನ್ನು ಅರದಲ್ಲಿ ಉಜ್ಜಿ ಅಗಲ ಮಾಡಿದೆ. ನಾಲ್ಕನೆಯ ಸಲ ಅವರು ಓಣಿಯ ಬಾಯಲ್ಲಿ ಕಂಡಾಗಲೇ ನನ್ನ ಮೈ ಉರಿಯಿತು. ಅವರನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ, ಖಾಲಿ ಕೋವಿಯನ್ನು ಕೈಗೆ ಕೊಟ್ಟು, "ಈಗ ಆ ಹಲಸಿನಕಾಯಿಗೆ ಗುರಿ ಇಡಿ, ನೋಡುವ" ಎಂದೆ.

ಅವರು ಕೋವಿಯನ್ನು ಭುಜಕ್ಕೆ ಒತ್ತಿ ಹಿಡಿದರು. ಎಡಗಣ್ಣು ಮುಚ್ಚಿದರು. ಅದರ ಜೊತೆಗೆ ಬಲಗಣ್ಣೂ ಮುಚ್ಚಿತು.

"ಎರಡೂ ಯಾಕೆ ಮುಚ್ಚಿದ್ದು ಮಾರಾಯ್ರೆ?"

"ನನಗೆ ಒಂದೇ ಮುಚ್ಚಲಿಕ್ಕೆ ಬರುವುದಿಲ್ಲ. ಚಿಕ್ಕಂದಿನಿಂದಲೂ ಹಾಗೆಯೇ."

ಮೂರು ಸಲದ ನನ್ನ ಕೆಲಸ, ನನ್ನ ಹಿತ್ತಾಳೆ! ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ಕೊನೆಗೆ, "ಮನೆಯಲ್ಲಿ ಯಾರಾದರೂ ಹಿಂದೆ ನಿಂತು ನಿಮ್ಮ ಎಡಗಣ್ಣಿಗೆ ಕೈ ಅಡ್ಡ ಹಿಡಿಯಲಿ, ಹೋಗಿ!" ಎಂದು ಬೈದು ಕಳಿಸಿದೆ. ನಾನು ಅದನ್ನು ಹೇಳಿದ್ದು ಸಿಟ್ಟಿನಲ್ಲಿ. ಅವರು ಹಾಗೆಯೇ ಮಾಡಿದರು. ಹೆಂಡತಿ ಹಿಂದೆ ನಿಂತು ಅಂಗೈಯಿಂದ ಎಡಗಣ್ಣು ಮುಚ್ಚುವುದು, ಇವರು ಈಡು ಹೊಡೆಯುವುದು. ಮಂಗಗಳು ತೋಟದ ಆಸೆಯನ್ನೇ ಬಿಟ್ಟವಂತೆ.

ಎರಡು ತಿಂಗಳಾದ ಮೇಲೆ ಅವರು ಮತ್ತೆ ಗೋಣಿ ಸುತ್ತಿದ ಕೋವಿ ಹಿಡಿದುಕೊಂಡು ಬಂದರು.

"ಈಗ ಎಂತ ಆಯ್ತು?"

"ಪುನಃ ಎಂತದೂ ಕಾಣುವುದಿಲ್ಲ ಆಚಾರ್ರೆ. ಅವಳು ತವರಿಗೆ ಹೋಗಿದ್ದಾಳೆ."

೨. ತಾಗದ ಕೋವಿ

ವೇಣೂರು ಕಡೆಯ ಒಬ್ಬ ಜೈನ ಧನಿಗಳು ಅಜ್ಜನ ಕಾಲದ ಕೋವಿ ತಂದರು. ಬಹಳ ಮೆದು ಮಾತಿನವರು. ಅವರ ಮೇಲೆ ಸಿಟ್ಟು ಮಾಡುವುದು ಕಷ್ಟ. ಆದರೂ ನನಗೆ ಸಿಟ್ಟು ಬಂತು.

"ಹಂದಿ ಬಂದು ಗದ್ದೆ ಅಗೆದು ಹಾಕ್ತದೆ. ಅದನ್ನು ಓಡಿಸಬೇಕು. ಆದರೆ ಅದಕ್ಕೆ ತಾಗಬಾರದು. ನಾವು ದಿನಾ ಬಸದಿಗೆ ಹೋಗುವವರು" ಎಂದರು.

"ಹಾಗಾದರೆ ಆಕಾಶಕ್ಕೆ ಹೊಡೆಯಿರಿ ಧನಿಗಳೇ."

"ಅದಾಗುವುದಿಲ್ಲ. ಆಳುಗಳು ನಗ್ತಾರೆ. ಹಂದಿಗೇ ಗುರಿ ಇಟ್ಟ ಹಾಗೆ ಕಾಣಬೇಕು, ತಾಗಬಾರದು. ಹಾಗೆ ಒಂದು ಕಣ್ಣು ಹಾಕಿ ಕೊಡಿ."

ನಾನು ಇಪ್ಪತ್ತು ವರ್ಷ ಬೆವರು ಸುರಿಸಿದ್ದು ಈಡು ತಾಗಬೇಕು ಎಂದು. ಈ ಪುಣ್ಯಾತ್ಮರಿಗೆ ಅದು ತಪ್ಪಬೇಕು! ಹಲ್ಲು ಕಚ್ಚಿಕೊಂಡು ಹಿಂದಿನ ಕಣ್ಣನ್ನು ದುಪ್ಪಟ್ಟು ಎತ್ತರ ಮಾಡಿ ಕೊಟ್ಟೆ. ಹಿಂದಿನದು ಎತ್ತರವಾದರೆ ನಳಿಗೆಯ ಮೂತಿ ಮೇಲಾಗುತ್ತದೆ, ಈಡು ಗುರಿಯಿಂದ ಮೇಲೆ ಹೋಗುತ್ತದೆ. ನನ್ನ ಕೈಯಿಂದ ಬೇಕೆಂದೇ ಹಾಳು ಮಾಡಿದ ಕೆಲಸ ಅದೊಂದೇ.

ತಿಂಗಳು ಕಳೆಯುವುದರೊಳಗೆ ಅದೇ ಊರಿನ ಕಳ್ಳು ತೆಗೆಯುವವನು ಬಂದ. ಸೊಂಟದಲ್ಲಿ ಕತ್ತಿ, ಕೈಯಲ್ಲಿ ಒಡೆದ ಮಡಕೆಯ ಚೂರು. ಅದನ್ನು ನನ್ನ ಮೇಜಿನ ಮೇಲೆ ಇಟ್ಟ.

"ಧನಿಗಳು ಗದ್ದೆಯ ಹಂದಿಗೆ ಗುರಿ ಇಟ್ಟರು. ಆಚೆ ತಗ್ಗಿನ ತಾಳೆಮರದಲ್ಲಿ ಕಟ್ಟಿದ ನನ್ನ ಮಡಕೆ ಹೋಯಿತು. ಅವರು ಹೇಳ್ತಾರೆ, ಆಚಾರ್ರ ಕೆಲಸ ಬಹಳ ಚೆನ್ನಾಗಿದೆ ಅಂತ!"

ನಾನು ಚೂರನ್ನು ಎತ್ತಿ ತಿರುಗಿಸಿ ನೋಡಿದೆ. ಅವನೇ ಮುಂದುವರಿಸಿದ.

"ಒಂದು ಉಪಕಾರ ಮಾಡಿ. ಇನ್ನು ಮುಂದೆ ಅವರು ನನ್ನ ಮಡಕೆಗೇ ಗುರಿ ಇಡಲಿ ಅಂತ ಹೇಳಿ. ಆಗ ಹಂದಿಯೂ ಬದುಕ್ತದೆ, ನಾನೂ ಬದುಕ್ತೇನೆ."

೩. ಮುಂದಾಲೋಚನೆ

ಅಂಗಡಿಯಲ್ಲಿ ಒಂದು ಪುಸ್ತಕ ಇಡಬೇಕೆಂದು ಕಾನೂನು. ಯಾರ ಕೋವಿ, ಎಂತ ದೋಷ, ಎಂತ ಕೆಲಸ ಮಾಡಿದ್ದು ಎಂದು ಬರೆದು ಕಚೇರಿಗೆ ತೋರಿಸಬೇಕು. ಪುಸ್ತಕ ತಪ್ಪಿದರೆ ಅಂಗಡಿಯ ಲೈಸನ್ಸು ರದ್ದು. ನಾನು ಗುರುಗಳು ಬರೆಯುತ್ತಿದ್ದ ಹಾಗೆ ಮುಂದಿನ ಕಣ್ಣಿಗೆ ಫೋರ್‌ಸೈಟ್ ಎಂದು ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ನನಗೆ ಗೊತ್ತಿದ್ದ ನಾಲ್ಕೈದು ಇಂಗ್ಲಿಷ್ ಶಬ್ದಗಳಲ್ಲಿ ಅದೊಂದು.

ಒಂದು ವರ್ಷ ಕಚೇರಿಗೆ ಘಟ್ಟದ ಮೇಲಿನಿಂದ ಹೊಸ ಗುಮಾಸ್ತರು ಬಂದರು. ಕೋವಿಯನ್ನು ದೂರದಿಂದಲೂ ಕಂಡವರಲ್ಲ. ಪುಸ್ತಕ ತೆರೆದವರೇ, "ಏನ್ರೀ ಇದು? ಇನ್ಮೇಲೆ ಎಲ್ಲಾ ಕನ್ನಡದಲ್ಲೇ ಬರೀಬೇಕು, ಆರ್ಡರ್ ಬಂದಿದೆ" ಎಂದರು.

"ಅದಕ್ಕೆ ಕನ್ನಡದಲ್ಲಿ ಎಂತ ಬರೆಯುವುದು ಸ್ವಾಮಿ?"

ಅವರು ಕಪಾಟಿನಿಂದ ದಪ್ಪದ ನಿಘಂಟು ತೆಗೆದು ಹುಡುಕಿದರು. "ಫೋರ್‌ಸೈಟ್... ಹಾಂ, ಮುಂದಾಲೋಚನೆ! ಬರೀರಿ. ಕೋವಿಗೆ ಮುಂದಾಲೋಚನೆ ಇಲ್ಲ, ಹೊಸ ಮುಂದಾಲೋಚನೆ ಕೂರಿಸಿದೆ."

"ಸ್ವಾಮಿ, ಇಟ್ಟುಕೊಂಡವರಿಗೇ ಇಲ್ಲ ಅದು. ಕೋವಿಗೆ ಎಲ್ಲಿಂದ ತರಲಿ?"

ಅವರಿಗೆ ನಗು ಬರಲಿಲ್ಲ. "ಹಾಗಾದ್ರೆ ನೀವು ಬಾಯಲ್ಲಿ ಏನಂತೀರೋ ಅದನ್ನೇ ಬರೀರಿ. ಕನ್ನಡ ಆದ್ರೆ ಸಾಕು" ಎಂದರು. ಬಾಯಲ್ಲಿ ನಾನು ಅನ್ನುವುದು ಕಣ್ಣು. ಅವರ ಎದುರಿಗೇ ಹಾಗೆಂದು ಬರೆದೆ. ಅವರು ನಿಘಂಟಿನಲ್ಲಿ ನೋಡಿ, ಕಣ್ಣು ಇದೆ ಎಂದು ಖಾತ್ರಿ ಮಾಡಿಕೊಂಡು ಸೀಲು ಒತ್ತಿದರು.

೪. ಒಂದು ಲಕೋಟೆ ಕಣ್ಣು

ಚುನಾವಣೆ ಬಂದಾಗಲೆಲ್ಲ ಲೈಸನ್ಸು ಇದ್ದವರು ಕೋವಿಯನ್ನು ಠಾಣೆಗೆ ಒಪ್ಪಿಸಿ, ಎಲ್ಲ ಮುಗಿದ ಮೇಲೆ ವಾಪಸ್ ತರಬೇಕು. ಕೊಡುವಾಗ ಕೋವಿ, ಬರುವಾಗ ದೊಣ್ಣೆ. ತುಕ್ಕು, ಗೆದ್ದಲು, ಒಂದು ಸಲ ನಳಿಗೆಯೊಳಗೆ ಹಲ್ಲಿಮೊಟ್ಟೆ. ನನಗಂತೂ ಚುನಾವಣೆ ಎಂದರೆ ಯಾರು ಗೆದ್ದರು ಎನ್ನುವುದಲ್ಲ, ಯಾವ ಕೋವಿ ಉಳಿಯಿತು ಎನ್ನುವುದು.

ಒಂದು ಸಲ ಠಾಣೆಯೊಂದರಿಂದ ಹದಿನಾಲ್ಕು ಜನ ಒಟ್ಟಿಗೆ ಬಂದರು. ಹದಿನಾಲ್ಕು ಕೋವಿಗೂ ಮುಂದಿನ ಕಣ್ಣು ಇಲ್ಲ. ಎಲ್ಲವೂ ನಾನೇ ಕೂರಿಸಿದವು! ನಾನು ಕೂರಿಸಿದ ಕಣ್ಣು ತನ್ನಿಂದ ತಾನೇ ಬೀಳುವುದಿಲ್ಲ. ಬಸ್ಸು ಹತ್ತಿ ನೇರ ಠಾಣೆಗೆ ಹೋದೆ.

ಅಲ್ಲಿದ್ದ ಪೇದೆ ಪ್ರಾಮಾಣಿಕ ಮನುಷ್ಯ. "ಹೆಸರಿನ ಚೀಟಿ ಕಟ್ಟಲಿಕ್ಕೆ ಕೋವಿಯಲ್ಲಿ ಬೇರೆ ಜಾಗ ಇರಲಿಲ್ಲ ಆಚಾರ್ರೆ. ಆ ಗುಂಡಿಗೇ ದಾರ ಕಟ್ಟಿದೆವು. ರಾಶಿಯಿಂದ ಕೋವಿ ಬೇಕಾದಾಗ ದಾರ ಹಿಡಿದು ಎಳೆದೆವು. ದಾರ ಗಟ್ಟಿ ಇತ್ತು" ಎಂದ.

ನಾನು ಮೇಜು ಗುದ್ದಿದೆ. ಅವನು ಸಮಾಧಾನ ಮಾಡುವವನ ಹಾಗೆ ಮೇಜಿನ ಖಾನೆಯಿಂದ ಒಂದು ಲಕೋಟೆ ತೆಗೆದು ಕೈಯಲ್ಲಿಟ್ಟ.

"ನಾವು ಎಂತದನ್ನೂ ಬಿಸಾಡಿಲ್ಲ. ಹದಿನೈದು ಉಂಟು, ನೋಡಿ. ಒಂದು ಹೆಚ್ಚು ಬಂದಿದೆ. ಅದು ಸಾಹೇಬರ ಕೋಟಿನ ಗುಂಡಿ ಇರಬೇಕು, ಸಿಕ್ಕಿದರೆ ವಾಪಸ್ ಕೊಡಿ."

೫. ಕಣ್ಣಿನ ಪರೀಕ್ಷೆ

ಕಿತ್ತ ಗುಂಡುಗಳ ಬುಡ ತಿರುಚಿತ್ತು. ಹದಿನಾಲ್ಕು ಹೊಸ ಕಣ್ಣು ಮಾಡಿ ಕೂರಿಸಿದೆ. ಸಿಟ್ಟು ಇಳಿದಿರಲಿಲ್ಲವಾದ್ದರಿಂದ ಪುಸ್ತಕದಲ್ಲಿ ಒಬ್ಬೊಬ್ಬರ ಹೆಸರಿನ ಮುಂದೆಯೂ ಒತ್ತಿ ಬರೆದೆ: "ಠಾಣೆಯಲ್ಲಿ ಎಳೆದು ಒಂದು ಕಣ್ಣು ಕಿತ್ತಿದ್ದಾರೆ. ಹಿತ್ತಾಳೆಯ ಹೊಸ ಕಣ್ಣು ಕೂರಿಸಿದೆ."

ಪುಸ್ತಕ ಕಚೇರಿಗೆ ಹೋದ ಹದಿನೈದು ದಿನದಲ್ಲಿ ನೋಟೀಸು ಬಂತು. ಹದಿನಾಲ್ಕು ಲೈಸನ್ಸುದಾರರ ತಲಾ ಒಂದು ಕಣ್ಣು ಪೊಲೀಸ್ ಠಾಣೆಯಲ್ಲಿ ಕಿತ್ತುಹೋಗಿದ್ದು, ಸದರಿಯವರಿಗೆ ನೀನು ವೈದ್ಯನಲ್ಲದಿದ್ದರೂ ಹಿತ್ತಾಳೆಯ ಕಣ್ಣು ಅಳವಡಿಸಿರುವ ಕಾರಣ ನಿನ್ನ ಅಂಗಡಿಯ ಲೈಸನ್ಸನ್ನು ಏಕೆ ರದ್ದು ಮಾಡಬಾರದು?

ನನಗೆ ಬೇರೆ ಕಸುಬು ಗೊತ್ತಿಲ್ಲ. ಹೆದರಿಕೆಯೂ ಆಯಿತು, ಹೆದರಿದ್ದಕ್ಕೆ ಇನ್ನಷ್ಟು ಸಿಟ್ಟೂ ಬಂತು. ಹದಿನಾಲ್ಕು ಜನರಿಗೂ ಹೇಳಿ ಕಳಿಸಿ, ಎಲ್ಲರನ್ನೂ ಕರೆದುಕೊಂಡು ಕಚೇರಿಗೆ ಹೋದೆ. ಅವರಲ್ಲಿ ಬಂಟ್ವಾಳದ ಹೋಟೆಲಿನವರೂ ಇದ್ದರು. ತವರಿನಿಂದ ಬಂದಿದ್ದ ಹೆಂಡತಿಯೂ ಜೊತೆಗೆ ಬಂದು ಬಾಗಿಲ ಹೊರಗೆ ನಿಂತರು.

ಗುಮಾಸ್ತರ ಮೇಲಿನ ಸಾಹೇಬರು ಕುರ್ಚಿಯಲ್ಲಿ ಕೂತಿದ್ದರು. ಗುಮಾಸ್ತರು ನೋಟೀಸು ಓದಿದರು. ನಾನು ಜೇಬಿನಿಂದ ಲಕೋಟೆ ತೆಗೆದು ಮೇಜಿನ ಮೇಲೆ ಸುರಿದೆ.

"ಇಕೊಳ್ಳಿ, ಕಿತ್ತ ಕಣ್ಣು!"

ಗುಮಾಸ್ತರು ಹಿಂದಕ್ಕೆ ಹಾರಿ ಕಪಾಟಿಗೆ ಢಿಕ್ಕಿ ಹೊಡೆದರು. ಹಿತ್ತಾಳೆ ಗುಂಡುಗಳು ಟಣಟಣ ಉರುಳಿದವು. ಸಾಹೇಬರು ಒಂದನ್ನು ಹೆಕ್ಕಿ ನೋಡಿದರು, ನನ್ನನ್ನು ನೋಡಿದರು, ಆಮೇಲೆ ಗುಮಾಸ್ತರನ್ನು ಬಹಳ ಹೊತ್ತು ನೋಡಿದರು.

"ಸಾರ್, ಫೈಲಿನಲ್ಲಿ ಲೈಸನ್ಸುದಾರರ ಕಣ್ಣು ಅಂತ ಹೋಗ್ಬಿಟ್ಟಿದೆ. ಎಲ್ಲರಿಗೂ ಎರಡೆರಡು ಇದೆ ಅಂತ ಪರೀಕ್ಷೆ ಮಾಡದೆ ಫೈಲು ಮುಚ್ಚೋಕಾಗಲ್ಲ. ಒಬ್ಬರದು ಕಮ್ಮಿ ಬಂದ್ರೂ ನೋಟೀಸು ಹಾಗೇ ಉಳಿಯುತ್ತೆ" ಎಂದರು ಗುಮಾಸ್ತರು.

ಹದಿನಾಲ್ಕು ಜನ ಸಾಲಾಗಿ ನಿಂತರು. ಒಂದು ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ಓದುವುದು, ಮತ್ತೆ ಇನ್ನೊಂದು ಮುಚ್ಚಿ ಓದುವುದು. ಹದಿಮೂರು ಜನ ಶಾಲೆ ಮಕ್ಕಳ ಹಾಗೆ ಓದಿದರು. ಹದಿನಾಲ್ಕನೆಯವರು ಹೋಟೆಲಿನವರು.

"ಎಡಗಣ್ಣು ಮುಚ್ಚಿ." ಎರಡೂ ಮುಚ್ಚಿತು.

"ಓದಿ."

"ಎಂತದೂ ಕಾಣುವುದಿಲ್ಲ" ಎಂದರು ಅವರು.

"ಬಲಗಣ್ಣು ಮುಚ್ಚಿ." ಪುನಃ ಎರಡೂ.

"ಎಂತದೂ ಕಾಣುವುದಿಲ್ಲ."

ಗುಮಾಸ್ತರ ಮುಖ ಅರಳಿತು. "ಸಾರ್, ಇವರಿಗೆ ಎರಡೂ ಇಲ್ಲ ಅಂತ ಬರೀಲಾ?"

ನನ್ನ ಅಂಗಡಿ ಹೋಯಿತು ಎಂದುಕೊಂಡೆ. ಆಮೇಲೆ ಪ್ರಾಣ ಹೋಗುವವನ ಹಾಗೆ ಬಾಗಿಲ ಕಡೆ ತಿರುಗಿ ಕೂಗಿದೆ. "ಅಮ್ಮಾ, ಒಮ್ಮೆ ಒಳಗೆ ಬನ್ನಿ, ನಿಮ್ಮ ಕೈ ಬೇಕು!"

ಆಕೆ ಬಂದರು. ಯಾರೂ ಏನೂ ಹೇಳಬೇಕಾಗಲಿಲ್ಲ. ಗಂಡನ ಹಿಂದೆ ನಿಂತು ಎಡಗಣ್ಣಿಗೆ ಅಂಗೈ ಒತ್ತಿದರು. ಹೋಟೆಲಿನವರು ತಿಂಗಳು, ವಾರ, ಕೆಳಗಿನ ಸಣ್ಣಕ್ಷರದ ಬೀಡಿ ಜಾಹೀರಾತು ಎಲ್ಲ ಓದಿದರು. ಅಂಗೈ ಬಲಗಣ್ಣಿಗೆ ಹೋಯಿತು. ಪುನಃ ಎಲ್ಲ ಓದಿದರು. ಕೋಣೆಯ ಸೀಲಿಂಗ್ ಹಾರುವಂತೆ ಸಾಹೇಬರು ನಕ್ಕರು.

"ನೋಟೀಸು ರದ್ದು ಮಾಡಿ. ಇವರ ಲೈಸನ್ಸಿನಲ್ಲಿ ಮಾತ್ರ ಒಂದು ಷರಾ ಬರೆಯಿರಿ. ಎರಡೂ ಕಣ್ಣು ಸರಿ ಉಂಟು, ಆದರೆ ಕೋವಿಯನ್ನು ಪತ್ನಿಯ ಸಹಿತ ಉಪಯೋಗಿಸತಕ್ಕದ್ದು" ಎಂದರು.

ನನ್ನ ಅಂಗಡಿ ಉಳಿಯಿತು. ನಾನು ಗುಂಡುಗಳನ್ನು ಹೆಕ್ಕಿ ಲಕೋಟೆಗೆ ತುಂಬುತ್ತಿದ್ದೆ. ಎಲ್ಲರೂ ಹೊರಟರು, ಹೋಟೆಲಿನವರು ಮಾತ್ರ ಹೊರಡಲಿಲ್ಲ. ಷರಾ ಬರೆದ ಲೈಸನ್ಸನ್ನು ತಿರುಗಿಸಿ ಮುರುಗಿಸಿ ನೋಡುತ್ತ ನಿಂತಿದ್ದರು.

"ಒಂದು ಸಂಶಯ ಸ್ವಾಮಿ. ಮುಂದಿನ ಚುನಾವಣೆಗೆ ಠಾಣೆಗೆ ಕೋವಿ ಮಾತ್ರ ಒಪ್ಪಿಸಿದರೆ ಸಾಕೋ, ಇವಳನ್ನೂ ಒಪ್ಪಿಸಬೇಕೋ?"

ಸಾಹೇಬರು ಬಾಯಿ ತೆರೆಯುವ ಮೊದಲೇ ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ಒಪ್ಪಿಸಿ ನೋಡಿ! ನಾನು ಠಾಣೆಯಿಂದ ವಾಪಸ್ ಬಂದ ದಿನ ಈ ಆಚಾರ್ರು ನಿಮಗೇ ಎರಡು ಹಿತ್ತಾಳೆಯದ್ದು ಕೂರಿಸಬೇಕಾಗ್ತದೆ!"