ಇಟ್ಟಿಗೆಯ ಅಸಲು

ಒಂದು ಇಟ್ಟಿಗೆಗೆ ಅಸಲು ಎಷ್ಟು ಬಿತ್ತು? ಉಗುರಿನಷ್ಟಿದ್ದ ಈ ಪ್ರಶ್ನೆ ಬೆಳಿಗ್ಗೆಯಿಂದ ಜೀವಿತಾಳ ಪ್ರಾಣ ಹಿಂಡುತ್ತಿತ್ತು.

ಮನೆ ಕಟ್ಟುವ ಇಟ್ಟಿಗೆಯಲ್ಲ; ಮಕ್ಕಳು ಒಂದಕ್ಕೊಂದು ಸಿಕ್ಕಿಸಿ ಕೋಟೆ ಕಟ್ಟುವ ಪ್ಲಾಸ್ಟಿಕ್ ಇಟ್ಟಿಗೆ. ತಿಪಟೂರಿನ ಆಟಿಕೆ ಅಂಗಡಿಯೊಂದು ಬಾಗಿಲು ಹಾಕುವಾಗ ಕೋಟೆ, ಕುದುರೆ, ಸವಾರ ಎಲ್ಲ ಇದ್ದ ಒಂದೇ ಥರದ ಆರು ಡಬ್ಬ ಕೊಂಡುತಂದಿದ್ದಳು. ಒಡೆದು, ಬಿಡಿಬಿಡಿಯಾಗಿ ಫೋನಿನಲ್ಲೇ ಮಾರುವ ಉಪಾಯ. ಎಂ.ಕಾಂ. ಮುಗಿಸಿಯೂ ನಾಲ್ಕು ಜನರೆದುರು ಬಾಯಿ ಬಿಡಲು ಹೆದರುವ ಹುಡುಗಿಗೆ ಹೇಳಿ ಮಾಡಿಸಿದ ವ್ಯಾಪಾರ. ಗಿರಾಕಿಯ ಮುಖ ನೋಡಬೇಕಿಲ್ಲ.

ದುಡ್ಡು ಕೊಟ್ಟವರು ಕೊಬ್ಬರಿ ಮಂಡಿಯ ದೊಡ್ಡಪ್ಪ ಶಂಭುಲಿಂಗಯ್ಯ. ಆದರೆ ಸುಮ್ಮನೆ ಕೊಟ್ಟಿರಲಿಲ್ಲ.

"ಇವತ್ತು ಸಂಜೆ ಒಳಗೆ ಯಾವ ತುಂಡಿಗೆ ಎಷ್ಟು ಬಿತ್ತು ಹೇಳ್ಬೇಕು. ಇಲ್ಲಾಂದ್ರೆ ಸೋಮವಾರದಿಂದ ಮಂಡಿಗೆ ಬಂದು ಗಲ್ಲಾದಲ್ಲಿ ಕೂತ್ಕೊ. ಜನರ ಹತ್ರ ಜೋರಾಗಿ ಮಾತಾಡೋದಾದ್ರೂ ಕಲೀತೀಯ."

ಮಂಡಿಯ ಗದ್ದಲ ನೆನೆದರೇ ಅವಳ ನಾಲಿಗೆ ಕೊಬ್ಬರಿಯಂತೆ ಒಣಗುತ್ತಿತ್ತು.

ಡಬ್ಬದ ಬೆಲೆಯನ್ನು ತುಂಡುಗಳ ಎಣಿಕೆಯಿಂದ ಭಾಗಿಸಿದಳು. ಕುದುರೆ ಸವಾರನಿಗೂ ಅವನ ಕುದುರೆ ಕಟ್ಟುವ ಗೂಟಕ್ಕೂ ಒಂದೇ ಬೆಲೆ ಬಂತು. ತೂಕದ ಮೇಲೆ ಹಂಚಿದಳು. ಕೋಟೆಯ ಬಾಗಿಲಿಗೆ ಸಿಕ್ಕ ಮರ್ಯಾದೆ ಕೋಟೆ ಕಾಯುವವನಿಗೆ ಸಿಗಲಿಲ್ಲ.

ಪಕ್ಕದ ಮನೆ ಮೀನಾಕ್ಷಮ್ಮ ಕಾಂಪೌಂಡಿನ ಮೇಲೆ ಕತ್ತು ಹಾಕಿದರು. "ಏನೇ ಜೀವಿತಾ, ಮದ್ವೆ ವಯಸ್ಸಲ್ಲಿ ಆಟ ಆಡ್ತಾ ಕೂತಿದೀಯಾ?"

"ಇಲ್ಲ ಆಂಟಿ, ಲೆಕ್ಕ..."

"ನಮ್ಮ ಮೊಮ್ಮಗೂನೂ ಹಿಂಗೇ ಲೆಕ್ಕ ಮಾಡುತ್ತೆ. ಆಮೇಲೆ ಬಾಯಿಗೆ ಹಾಕ್ಕಳುತ್ತೆ!"

ಅಷ್ಟರಲ್ಲಿ ಫೋನಿಗೆ ಮೊದಲ ಗಿರಾಕಿ ಬಂದರು. ಚಿಕ್ಕನಾಯಕನಹಳ್ಳಿಯ ಮಹಾಂತೇಶ್ ಎಂಬವರು. ಮೊಮ್ಮಗನ ಕೋಟೆಗೆ ನಾಲ್ಕು ಬೂದು ಹಲಗೆ ಸಾಕಂತೆ. ಅಮ್ಮ ಶಿವರುದ್ರಮ್ಮ ತಾವೇ ಮುತುವರ್ಜಿಯಿಂದ ಕವರ್ ಕಟ್ಟಿ, ಬಸ್‌ಸ್ಟ್ಯಾಂಡಿಗೆ ಹೋಗಿ ಕಂಡಕ್ಟರ್ ಕೈಗೆ ಕೊಟ್ಟು ಬಂದರು.

ಮಧ್ಯಾಹ್ನ ಊಟಕ್ಕೆ ಬಂದ ದೊಡ್ಡಪ್ಪ ಅವಳನ್ನು ನೋಡಿ ನಿಂತರು. "ಯಾಕೇ, ಮುಖಾನ ಕೊಳೆತ ಕಾಯಿ ಥರ ಮಾಡ್ಕೊಂಡಿದೀಯ?"

ಅವಳು ತೊದಲುತ್ತಾ ಹೇಳಿದ್ದನ್ನು ಕೇಳಿ ಗೊಳ್ಳನೆ ನಕ್ಕರು. "ಅಯ್ಯೋ ಪೆದ್ದಿ! ತೆಂಗಿನಕಾಯಲ್ಲಿ ಮಟ್ಟೆ ಐತೆ, ಚಿಪ್ಪು ಐತೆ, ಕೊಬ್ಬರಿ ಐತೆ. ನಾನು ಅಸಲೆಲ್ಲಾ ಕೊಬ್ಬರಿ ಮೇಲೇ ಹಾಕದು. ಅದು ಮಾರಿದ್ರೆ ಅಸಲು ಬಂತು. ಮಟ್ಟೆ, ಚಿಪ್ಪಲ್ಲಿ ಬಂದಿದ್ದೆಲ್ಲಾ ಲಾಭ. ನಿನ್ ಡಬ್ಬದಲ್ಲಿ ಕೊಬ್ಬರಿ ಯಾವ್ದು ನೋಡು ಮೊದ್ಲು."

ಜೀವಿತಾ ಫೋನಿನಲ್ಲಿ ಬೇರೆಯವರ ದರಗಳನ್ನು ತಡಕಾಡಿದಳು. ಹಲಗೆ, ಗೂಟ, ಗೋಡೆಗಳಿಗೆ ಚಿಲ್ಲರೆ ಕಾಸು. ಆದರೆ ಡಬ್ಬಕ್ಕೊಬ್ಬನೇ ಇದ್ದ ಆ ಬೆಳ್ಳಿ ಕವಚದ ಸವಾರ! ಈಗ ಎಲ್ಲೂ ಸಿಗದ ಅವನೊಬ್ಬನಿಗೇ ಇಡೀ ಡಬ್ಬದ ಬೆಲೆಯಿತ್ತು.

"ದೊಡ್ಡಪ್ಪಾ, ಸವಾರನೇ ಕೊಬ್ಬರಿ!" ಹುಟ್ಟಿದಾಗಿನಿಂದ ಅವಳು ಅಷ್ಟು ಜೋರಾಗಿ ಕೂಗಿರಲಿಲ್ಲ.

"ಶಭಾಷ್! ಎಲ್ಲಿ, ತೋರ್ಸು."

ಸವಾರರನ್ನು ಹಾಕಿಟ್ಟಿದ್ದ ಬಟ್ಟಲು ಬರಿದಾಗಿತ್ತು.

"ಅಮ್ಮಾ, ಇದ್ರಲ್ಲಿದ್ದ ಬೊಂಬೆಗಳು?"

"ಅವಾ? ಹಲಗೆ ಜೊತೆ ಕೊಸರು ಹಾಕ್ದೆ ಕಣೇ," ಅಮ್ಮ ಸಾರು ಬಡಿಸುತ್ತಲೇ ಹೇಳಿದರು. "ಮೊದಲ್ನೇ ಬೋಣಿ. ಬರೀ ಲೆಕ್ಕದಷ್ಟೇ ಕೊಟ್ರೆ ಏನಂದ್ಕೊಂಡಾರು? ದೊಡ್ಡ ದೊಡ್ಡವೆಲ್ಲಾ ನಿಂಗೇ ಉಳ್ಸಿ, ಚೂರುಪಾರು ಇದ್ದವನ್ನ ಹಾಕ್ದೆ."

ಜೀವಿತಾ ಗೋಡೆಗೆ ಒರಗಿದಳು. ದೊಡ್ಡಪ್ಪ ಸಮಾಧಾನ ಹೇಳಿದರು: "ಹೋಗ್ಲಿ ಬುಡು. ಅಸಲೇ ಹೋಯ್ತು ಅಂದ್ಮೇಲೆ ಉಳಿದಿದ್ದೆಲ್ಲಾ ಲಾಭವೇ ಅಲ್ವಾ?"

ಬೇರೆ ದಾರಿಯಿರಲಿಲ್ಲ. ಗುರುತಿಲ್ಲದವರ ಜೊತೆ ಎಂದೂ ಮಾತಾಡದವಳು ಮಹಾಂತೇಶರಿಗೆ ಫೋನು ಒತ್ತಿದಳು.

"ಸಾರ್... ಬೆಳಿಗ್ಗೆ ಬಂದಿದ್ರಲ್ಲಿ... ಸ್ವಲ್ಪ ಜಾಸ್ತಿ..."

"ಗೊತ್ತಾಯ್ತು ಬುಡವ್ವ, ಹೇಳ್ಬೇಡ! ಬಿಚ್ಚಿದ ಕೂಡ್ಲೇ ನೋಡ್ದೆ. ಅಷ್ಟೊಂದು ಪುಕ್ಸಟ್ಟೆ ಇಟ್ಕೊಂಡು ಸುಮ್ಕಿರಕ್ಕೆ ನಂಗೇನು ಮರ್ವಾದೆ ಇಲ್ವಾ? ಆಗ್ಲೇ ಬಸ್ಸಿಗೆ ಹಾಕಿದೀನಿ. ಸಂಜೆ ಇಳಿಸ್ಕೊ."

ಜೀವಿತಾಳ ಕಣ್ಣಲ್ಲಿ ನೀರು ಬಂತು. ಲೋಕದಲ್ಲಿ ಇನ್ನೂ ಇಂಥವರಿದ್ದಾರೆ!

ಸಂಜೆ ಮೂವರೂ ಬಸ್‌ಸ್ಟ್ಯಾಂಡಿಗೆ ಹೋದರು. ಅಂಗೈಯಲ್ಲಿ ಹಿಡಿಯುವ ಪೊಟ್ಟಣಕ್ಕಾಗಿ ಅವಳು ಕೈ ಚಾಚಿ ನಿಂತಳು.

"ಒಬ್ರ ಕೈಲಿ ಆಗಲ್ಲ ಕಣಮ್ಮ," ಎಂದ ಕಂಡಕ್ಟರ್ ಒಂದು ಚೀಲವನ್ನು ಧಡ್ಡನೆ ಕೆಳಕ್ಕೆ ಉರುಳಿಸಿದ.

ಚೀಲದ ತುಂಬ ತೆಂಗಿನಕಾಯಿ. ಅಟ್ಟ ಮುರಿಯುವಷ್ಟು ಕಾಯಿ ತುಂಬಿದ್ದ ಮನೆಗೆ, ತಿಪಟೂರಿಗೆ, ತೆಂಗಿನಕಾಯಿ.

ಫೋನು ಹೊಡೆದುಕೊಂಡಿತು. "ಬಂತಾ ಅವ್ವ? ನಮ್ ತೋಟದ್ದೇ. ಮೊಮ್ಮಗ ಆ ಸವಾರರನ್ನ ಉಣ್ಣೋವಾಗ್ಲೂ ಕೈಬಿಡ್ತಿಲ್ಲ!"

"ಬಂತು ಸಾರ್... ಥ್ಯಾಂಕ್ಸ್ ಸಾರ್," ಎಂದಳು ಜೀವಿತಾ.

ದೊಡ್ಡಪ್ಪ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು. "ಚೆನ್ನಾಗೈತೆ. ಸೋಮವಾರ ಮಂಡಿಗೆ ಬರೋವಾಗ ತಗೊಂಡ್ ಬಾ."

ಅಮ್ಮ ಮಾತ್ರ ಕುಕ್ಕರಗಾಲಿನಲ್ಲಿ ಕೂತು ಕಾಯಿ ಎಣಿಸುತ್ತಿದ್ದರು. ಮುಗಿಸಿ ತಲೆ ಎತ್ತಿದಾಗ ಅವರ ಮುಖ ಅರಳಿತ್ತು.

"ಇಪ್ಪತ್ತೈದರ ಮೇಲೆ ಇದೊಂದು ಬೇರೆ! ನೋಡ್ದೇನೇ ಜೀವಿತಾ, ಅವರೂ ಕೊಸರು ಹಾಕವ್ರೆ!"