ಗೋಗಿಯಲ್ಲಿ ನಾನು ನಾಲಿಗೆ ಚಾಚಿದ್ದು

ಮಕ್ಕಳಿಗೆ ಮಾತು ಕಲಿಸುವುದು ಏನು ಮಹಾ ವಿದ್ಯೆ ಎಂದು ನಾನು ತಿಳಿದಿದ್ದೆ. ಹಲ್ಲು ಬಂದಂತೆ ಮಾತೂ ಬರುತ್ತದೆ. ತಾಯಿಯಾದವಳು ಹೊಟ್ಟೆಗೆ ಹಾಕುತ್ತಿದ್ದರೆ ಸಾಕು, ಉಳಿದದ್ದು ಶಿವನ ಕೆಲಸ. ನನ್ನ ಚೊಚ್ಚಲ ಮಗ ಮುತ್ತಣ್ಣನಿಗೆ ಮೂರು ತುಂಬುವವರೆಗೂ ಶಿವನನ್ನು ನಂಬಿಕೊಂಡು ಕೂತೆ. ಶಿವ ಬಹುಶಃ ನನ್ನನ್ನು ನಂಬಿಕೊಂಡು ಕೂತಿದ್ದ!

ನಿಜಾಮನ ಆಳ್ವಿಕೆ ಹೋಗಿ, ಕನ್ನಡ ಮಾತಾಡುವವರೆಲ್ಲ ಒಂದಾಗಬೇಕೆಂದು ಶಹಾಪುರದ ಪ್ರತಿ ಕಟ್ಟೆಯ ಮೇಲೂ ವಾದ ನಡೆಯುತ್ತಿದ್ದ ಕಾಲ ಅದು. ಉರ್ದು ಓದಿಸುತ್ತಿದ್ದ ಶಾಲೆಯಲ್ಲಿ ಕನ್ನಡದ ಪಾಠ ಶುರುವಾಗಿತ್ತು. ಮೊಮ್ಮಗನನ್ನು ಅಲ್ಲಿಗೆ ಕಳಿಸಬೇಕೆಂಬುದು ನಮ್ಮ ಮಾವನವರ ದೊಡ್ಡ ಆಸೆ. ಅವರು ಪಡಸಾಲೆಯಲ್ಲಿ ಕೂತು, “ಕನ್ನಡ ಮಾತಾಡೋರೆಲ್ಲ ಒಂದಾಗಬೇಕು ಅಂತ ಊರ ಮಂದಿಗಿ ಹೇಳಾಕತ್ತೇನಿ. ನನ್ನ ಮನ್ಯಾಗ ನೋಡಿದ್ರ ಒಬ್ಬ ಮಾತೇ ಆಡವಲ್ಲ!” ಎಂದು ನಿಟ್ಟುಸಿರು ಬಿಡುತ್ತಿದ್ದರು.

ಆ ಮನೆಯಲ್ಲಿ ಮಾತಾಡದವರು ಒಬ್ಬರಲ್ಲ, ಇಬ್ಬರು. ಇನ್ನೊಬ್ಬಳು ನಾನು.

ನಮ್ಮಲ್ಲಿ ಸೊಸೆಯಾದವಳು ಮಾವನ ಕಿವಿಗೆ ಬೀಳುವಂತೆ ದನಿ ತೆಗೆಯಬಾರದು. ಹಾಗೆಂದು ಸಂಸಾರ ನಿಲ್ಲುತ್ತದೆಯೇ? ಬಳೆ ಮೆಲ್ಲಗೆ ಅಲುಗಿಸಿದರೆ ಊಟಕ್ಕೆ ಏಳಿರಿ ಎಂದು ಅರ್ಥ. ಜೋರಾಗಿ ಅಲುಗಿಸಿದರೆ ಸಾರು ಆರುತ್ತಿದೆ. ನೀರಿನ ಚರಗಿಯ ಮೇಲೆ ಉಂಗುರ ಬಡಿದರೆ ಸ್ನಾನಕ್ಕೆ ನೀರು ಕಾದಿದೆ. ಮಾವನವರು ಹಗಲೆಲ್ಲ ಪಡಸಾಲೆಯಲ್ಲಿ, ಅವರ ಕಿವಿಯೋ ಬಲು ಚುರುಕು. ಹೀಗಾಗಿ ಅಡುಗೆಮನೆಯಲ್ಲಿ ಮಗನ ಜೊತೆಗೂ ನನ್ನದು ಕಣ್ಣುಸನ್ನೆ, ಕೈಸನ್ನೆ. ಅವನು ಬುಟ್ಟಿಯತ್ತ ಕಣ್ಣು ಹೊರಳಿಸುವುದರೊಳಗೆ ರೊಟ್ಟಿ ಕೈಯಲ್ಲಿ ಇಡುತ್ತಿದ್ದೆ. ನನ್ನಷ್ಟು ಒಳ್ಳೆಯ ತಾಯಿ ಊರಲ್ಲೇ ಇಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ!

ಆದರೆ ಓಣಿಯ ಮಕ್ಕಳೆಲ್ಲ ಅವ್ವಾ, ಅಮ್ಮೀ ಎಂದು ಕೂಗಿಕೊಂಡು ಮನೆಗೆ ಓಡುವಾಗ ನಾನು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದೆ. ಇವನ ಬಾಯಿಂದ ಒಮ್ಮೆ “ಅವ್ವಾ” ಎಂದು ಕೇಳಿಸಿಕೊಂಡರೆ ಸಾಕಾಗಿತ್ತು.

ಚಿಕಿತ್ಸೆ ಶುರುವಾಯಿತು. ಅತ್ತೆ ಬಜೆಬೇರು ತೇಯ್ದು ಜೇನಿನಲ್ಲಿ ಕಲಸಿ ದಿನಾ ಅವನ ನಾಲಿಗೆಗೆ ಹಚ್ಚಿದರು. ಮಾತು ಬರಲಿಲ್ಲ, ಜೇನಿನ ರುಚಿ ಹತ್ತಿತು. ಯಾರು ಮನೆಗೆ ಬಂದರೂ ಮುತ್ತಣ್ಣ ಎದುರು ನಿಂತು ಉದ್ದಕ್ಕೆ ನಾಲಿಗೆ ಚಾಚತೊಡಗಿದ. “ಬೀಗರಿಗಿ ಅಣಕಸ್ತಾನ, ಎಂಥಾ ಕೂಸವ್ವಾ ಇದು!” ಎಂದು ನನ್ನ ತವರಿನವರೇ ಮುಖ ಗಂಟು ಹಾಕಿಕೊಂಡು ಹೋದರು.

ಆಮೇಲೆ ನಾನೇ ಬಸವಣ್ಣನಿಗೆ ಹರಕೆ ಹೊತ್ತು, ಗುಡಿಯ ಗಂಟೆ ತೊಳೆದ ನೀರು ಕುಡಿಸಿದೆ. ಗಂಟೆಯಂತೆ ದನಿ ಬರಲಿ ಎಂದು. ದನಿ ಬರಲಿಲ್ಲ, ಗಂಟೆ ಬಂತು! ಮಾವನವರ ಪೂಜೆಯ ಗಂಟೆಯನ್ನು ಹೊತ್ತುಕೊಂಡು ಬಂದು, ಹಸಿವಾದಾಗಲೆಲ್ಲ ನನ್ನ ಕಿವಿಯ ಹತ್ತಿರ ಬಾರಿಸತೊಡಗಿದ. ನಾನು ಮಹಾಮಂಗಳಾರತಿಯ ವೇಗದಲ್ಲಿ ರೊಟ್ಟಿ ಕೊಡುತ್ತಿದ್ದೆ.

ಕೊನೆಗೆ ಮಾವನವರು, “ಗೋಗಿಯೊಳಗ ಒಬ್ಬ ಮುದುಕ ಔಷಧ ಕೊಡ್ತಾನಂತ. ಬಂಡಿ ಹೂಡ್ತೀನಿ” ಎಂದರು. ಅತ್ತೆಗೆ ಮಂಡಿನೋವು, ನನ್ನ ಯಜಮಾನರಿಗೆ ರಜೆ ಇಲ್ಲ. ಸೊಸೆ, ಮೊಮ್ಮಗ, ಮಾವ, ಮೂವರೇ ಹೊರಟೆವು. ದಾರಿಯುದ್ದಕ್ಕೂ ಮಾತಾಡಿದವು ಬಂಡಿಯ ಗಾಲಿಗಳು ಮಾತ್ರ.

ವೈದ್ಯ ಮುದುಕ ಕಟ್ಟೆಯ ಮೇಲೆ ಕಲ್ಲಿನಲ್ಲಿ ಮದ್ದು ಅರೆಯುತ್ತಿದ್ದ. ಮಾವನವರು, “ಮಾತು ಬರವಲ್ದು, ಜರಾ ನೋಡ್ರಿ” ಎಂದು ಕೋಲಿನಿಂದ ನಾವಿಬ್ಬರಿದ್ದ ದಿಕ್ಕು ತೋರಿಸಿ, ಪಕ್ಕದ ಗಂಡಸರ ಜೊತೆ ಕನ್ನಡಿಗರು ಒಂದಾಗುವ ವಾದಕ್ಕೆ ಕೂತುಬಿಟ್ಟರು.

“ಯಾವಾಗಿಂದ ಹಿಂಗವ್ವಾ?” ಎಂದ ಮುದುಕ.

ಮಾವನವರು ಮಾರು ದೂರದಲ್ಲಿದ್ದಾರೆ. ನಾನು ಹೇಗೆ ಬಾಯಿ ತೆರೆಯಲಿ? ಹುಟ್ಟಿದಾಗಿನಿಂದ ಎಂದು ಕೈ ಮಾಡಿ ತೋರಿಸಿ ಬಳೆ ಅಲುಗಿಸಿದೆ.

“ಕಿವಿ ಕೇಳಸ್ತಾವೇನು?”

ತಲೆಯಾಡಿಸಿದೆ. ಮುತ್ತಣ್ಣ ಅಷ್ಟರಲ್ಲಿ ನೀರು ಬೇಕೆಂದು ನನಗೆ ಸನ್ನೆ ಮಾಡಿದ. ಸುಮ್ಮನಿರೆಂದು ನಾನು ಸನ್ನೆ ಮಾಡಿದೆ. ಮುದುಕ ನಮ್ಮಿಬ್ಬರನ್ನೂ ನೋಡಿ, “ಪಾಪ, ತಾಯಿ ಹಿಂಗಾದ್ರ ಕೂಸೇನ ಮಾಡ್ತದ” ಎಂದು ಲೊಚಗುಟ್ಟಿ, ಬೆರಳಿನ ತುಂಬ ಮದ್ದು ತೆಗೆದುಕೊಂಡ.

“ನಾಲಿಗಿ ಚಾಚವ್ವಾ.”

ಮಗನಿಗೆ ಮಾಡಿ ತೋರಿಸಲು ಹೇಳುತ್ತಿದ್ದಾನೆ ಎಂದು ನಾನು ಭಾವಿಸಿದೆ. ತಾಯಿಯ ಕರ್ತವ್ಯಕ್ಕೆ ಹಿಂದೆಗೆಯುವವಳಲ್ಲ ನಾನು. ಸಂಪೂರ್ಣ ಚಾಚಿದೆ.

ಬಜೆ, ಹಿಪ್ಪಲಿ, ಕರಿಮೆಣಸು! ನೆತ್ತಿಯವರೆಗೆ ಬೆಂಕಿ ಹತ್ತಿತು.

“ಅಯ್ಯಯ್ಯೋ ಸತ್ತೆನೋ ಮುದುಕಾ! ನೀರ ತಾರೋ!”

ಕಟ್ಟೆಯ ಮೇಲಿನ ವಾದ ಗಪ್ಪನೆ ನಿಂತಿತು. ಬೇವಿನ ಮರದ ಗಿಳಿಗಳು ಎದ್ದು ಹೋದವು. ವೈದ್ಯ ಎರಡೂ ಕೈ ಮೇಲೆತ್ತಿ, “ಬಂತ ನೋಡ್ರಿ ಮಾತು! ಹಚ್ಚೂದ ತಡ, ಬಂತು!” ಎಂದು ಕೂಗಿದ. ಗಂಡಸರು ಶಹಭಾಸ್ ಎಂದರು. ಮಾವನವರು ಮಾತ್ರ ಬಾಯಿ ತೆರೆದುಕೊಂಡು ನನ್ನನ್ನು ನೋಡುತ್ತಿದ್ದರು. ಮದುವೆಯಾಗಿ ಬಂದ ಮೇಲೆ ಅವರು ನನ್ನ ದನಿ ಕೇಳಿದ್ದು ಅದೇ ಮೊದಲು. ಕೇಳಿದ ಮೊದಲ ಮಾತು ಇದು!

ಆಗ ಮುತ್ತಣ್ಣ ಎದ್ದುನಿಂತ. ನನ್ನ ಮುಖ ನೋಡಿದ. ನಕ್ಕ. ಸೀದಾ ಅಜ್ಜನ ಕಡೆ ಬೆರಳು ಮಾಡಿ, ಗಂಟೆ ಬಾರಿಸಿದಂತೆ ಹೇಳಿದ:

“ಮುದುಕಾ! ನೀರ!”

ವಾಪಸು ಬರುವಾಗ ಸೆರಗಿನೊಳಗೆ ನಾನು ಅತ್ತೆ, ನಕ್ಕೆ, ಮತ್ತೆ ಅತ್ತೆ. ಮಗನ ಬಾಯಿಂದ ಮಾತು ಬಂದಿತ್ತು, ನನ್ನನ್ನು ತವರಿಗೆ ಅಟ್ಟುವುದು ಮಾತ್ರ ಗ್ಯಾರಂಟಿ! ಅರ್ಧ ದಾರಿ ಕಳೆದ ಮೇಲೆ ಮಾವನವರು ಎತ್ತುಗಳಿಗೆ ಹೇಳುವಂತೆ, ಹಿಂದೆ ತಿರುಗದೆ ಹೇಳಿದರು:

“ಯವ್ವಾ, ನಿನ್ನ ದನಿ ಚಲೋ ಅದ. ನಾ ಕೇಳಿರಲಿಲ್ಲ. ನಿನ್ನ ಮಗನೂ ಕೇಳಿಲ್ಲಂತ ಕಾಣಸ್ತದ.”

ನಾನು ಮಗನನ್ನು ಮಡಿಲಿಗೆ ಎಳೆದುಕೊಂಡೆ.

“ನಾಳಿಂದ ಮನ್ಯಾಗ ಬಾಯಿ ಬಿಚ್ಚಿ ಮಾತಾಡು. ನನ್ನ ಎದುರೂ ಆಡು. ಖರೆ, ಮುದುಕಾ ಅನ್ನೂದು ಮಾತ್ರ ಅವನೊಬ್ಬನಿಗಿ ಬಿಡು.”

ಮರುದಿನ ಪೂಜೆಯ ಗಂಟೆ ದೇವರ ಜಗುಲಿಯ ಮೇಲಿನ ಎತ್ತರದ ಗೂಡು ಸೇರಿತು. ನಾನು ಒಲೆಯ ಮುಂದೆ ಕೂತು, ಇದು ಹಿಟ್ಟು, ಇದು ಹಂಚು, ಇದು ರೊಟ್ಟಿ ಎಂದು ದೊಡ್ಡ ದನಿಯಲ್ಲಿ ಮಗನಿಗೆ ಹೇಳುತ್ತಾ ಹೋದೆ. ಮೊದಮೊದಲು ನನ್ನ ದನಿಗೆ ನಾನೇ ಬೆಚ್ಚುತ್ತಿದ್ದೆ. ಅವನು ಬುಟ್ಟಿಯತ್ತ ಕಣ್ಣು ಹೊರಳಿಸಿದರೂ ಕಾಣದವಳಂತೆ ಕೂರುವುದು ಅದಕ್ಕಿಂತ ಕಷ್ಟವಾಗಿತ್ತು. ಒಂದು ದಿನ ಅವನು ಗಂಟೆಗಾಗಿ ಮೂಲೆಮೂಲೆ ಹುಡುಕಿ, ಸಿಗದೆ, ನನ್ನೆದುರು ಬಂದು ನಿಂತ. ಬಳೆಯ ಕೈಗಳನ್ನು ಸೆರಗಿನಲ್ಲಿ ಬಿಗಿಯಾಗಿ ಹಿಡಿದುಕೊಂಡೆ.

“ಏನ ಬೇಕು? ಬಾಯ್ಲೆ ಹೇಳಪಾ.”

ಅವನ ತುಟಿಗಳು ಒದ್ದಾಡಿದವು.

“ಅವ್ವಾ... ರೊಟ್ಟಿ.”

ರೊಟ್ಟಿ ಕೊಟ್ಟೆ. ಸಂತೋಷದಲ್ಲಿ ಬೆಣ್ಣೆ ಹಚ್ಚುವುದು ಮರೆತೆ. ಅದನ್ನೂ ಅವನು ಬಾಯಿಬಿಟ್ಟೇ ಕೇಳಬೇಕಾಯಿತು. ಶಿವ ಕೊಡುವಾಗ ಹೀಗೇ, ಒಂದರ ಹಿಂದೆ ಇನ್ನೊಂದು. ಮಾವನವರನ್ನು ಅವನು ಕೊನೆಯವರೆಗೂ ಮುದುಕಾ ಎಂದೇ ಕರೆದ. ಅವರು ಅದಕ್ಕೆ “ಓ” ಎನ್ನುತ್ತಿದ್ದ ದನಿ ನನಗೆ ಇಂದಿಗೂ ಪಡಸಾಲೆಯಿಂದ ಕೇಳಿಸುತ್ತದೆ.

ಈಗ ಮುತ್ತಣ್ಣನದು ಯಾದಗಿರಿಯಲ್ಲಿ ಬಟ್ಟೆ ಅಂಗಡಿ. ಟವೆಲ್ಲಿಗೆ ಬಂದವರು ಸೀರೆ ಕಟ್ಟಿಸಿಕೊಂಡು ಹೋಗುತ್ತಾರೆ, ಅಷ್ಟು ಮಾತು! ಮೊನ್ನೆ ನನಗೆ ಜ್ವರ ಬಂದಾಗ ಅವನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. “ಏನಾಗ್ಯದ್ರಿ ಅಮ್ಮಾ?” ಎಂದು ಅವರು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಮುತ್ತಣ್ಣ ಶುರು ಮಾಡಿದ. ನನ್ನ ಜ್ವರ, ನನ್ನ ಕೆಮ್ಮು, ನನ್ನ ನಿದ್ದೆ, ನನ್ನ ಹಟ. ನಡುವೆ ಒಂದು ಮಾತು ಸೇರಿಸೋಣವೆಂದು ನಾನು ಬಳೆ ಅಲುಗಿಸಿದೆ. ಅಭ್ಯಾಸಬಲ!

ಡಾಕ್ಟರು ನನ್ನತ್ತ ಕರುಣೆಯಿಂದ ನೋಡಿ, ದನಿ ತಗ್ಗಿಸಿ ಅವನನ್ನು ಕೇಳಿದರು:

“ಅಮ್ಮನವ್ರಿಗಿ ಮಾತು ಮೊದಲಿಂದಲೂ ಬರಂಗಿಲ್ಲೇನ್ರಿ?”

ಆಮೇಲೆ ನನ್ನ ಕಡೆ ತಿರುಗಿ, ನಾಲಿಗೆ ಚಾಚಲು ಹೇಳಿದರು. ನಾನು ಮೊದಲು ಅವರ ಎರಡೂ ಕೈ ನೋಡಿದೆ. ಮದ್ದು ಏನೂ ಇರಲಿಲ್ಲ, ಶಿವನ ದಯೆ.

ಚಾಚಿದೆ.