ಮುಚ್ಚಳವಿಲ್ಲದ ಭರಣಿ

ನನ್ನ ಸೋದರಮಾವನ ಕಾರು ಇವತ್ತಿನವರೆಗೆ ಒಂದು ಸಲವೂ ಕೆಟ್ಟಿಲ್ಲ. ಬೇಕಾದರೆ ಮಾವನನ್ನೇ ಕೇಳಿ! ಅದು ರಸ್ತೆ ಬದಿಯಲ್ಲಿ ಬಾನೆಟ್ ಎತ್ತಿಕೊಂಡು ಹೊಗೆಯಾಡುತ್ತಾ ನಿಂತಿದ್ದರೂ ಸರಿ, "ಕೆಟ್ಟಿಲ್ಲ ಕಣ್ಲಾ, ಒಸಿ ದಣಿವಾರಿಸ್ಕತ್ತಾ ಐತೆ" ಅನ್ನುತ್ತಾನೆ. ಹೋದ ವರ್ಷ ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಚನ್ನಪಟ್ಟಣದ ಪೇಟೆ ಬೀದಿಯಲ್ಲಿ ಅದರ ಮೆರವಣಿಗೆಯೇ ಆಯಿತು. "ಏನಾಯ್ತು ಮಾವ?" ಅಂದೆ. "ಟ್ರ್ಯಾಕ್ಟರ್ ಹೊಸದು ಕಣ್ಲಾ, ಒಂದೇ ಬರಾಕೆ ಹೆದರ್ಕತ್ತಿತ್ತು" ಅಂದ!

ಮಾವ ಬೊಂಬೆ ಕೆಲಸದವನು. ಮನೆಯ ಹಿಂದಿನ ಶೆಡ್ಡಿನಲ್ಲಿ ಲೇತ್ ಇಟ್ಟುಕೊಂಡಿದ್ದಾನೆ. ತಿರುಗುವ ಮರಕ್ಕೆ ಉಳಿ ಹಿಡಿದು, ಮೇಲೆ ಬಣ್ಣದ ಅರಗು ಒತ್ತಿ, ಬುಗುರಿ, ಗಿಲಕಿ, ಕುಂಕುಮದ ಭರಣಿ ಮಾಡುತ್ತಾನೆ. ಹಾಗಾಗಿ ಕಾರಿನಲ್ಲಿ ಏನು ಮುರಿದರೂ ಅಂಗಡಿಗೆ ಹೋಗುವ ಪದ್ಧತಿ ಇಲ್ಲ. ಗೇರಿನ ಹಿಡಿ ಕೆಂಪು ಅರಗಿನದು. ಕಿಟಕಿ ಇಳಿಸುವ ಹಿಡಿಗಳು ನಾಲ್ಕು ಬಾಗಿಲಿಗೆ ನಾಲ್ಕು ಬಣ್ಣ. ಬೊಂಬೆ ಅಂಗಡಿ ಮುಂದೆ ನಿಲ್ಲಿಸಿದ್ದಾಗ ಪ್ರವಾಸಕ್ಕೆ ಬಂದ ಮಗುವೊಂದು ಕಾರನ್ನೇ ಕೊಡಿಸು ಎಂದು ಅಪ್ಪನ ಹತ್ತಿರ ರಚ್ಚೆ ಹಿಡಿದಿತ್ತು. ಮಾವ ಒಂದು ವಾರ ಅದನ್ನೇ ಹೇಳಿಕೊಂಡು ತಿರುಗಿದ.

ಇದೆಲ್ಲ ತಮಾಷೆ ಸರಿ. ಆದರೆ ಈ ಹಟಕ್ಕೆ ನಮ್ಮ ಮನೆ ತೆತ್ತ ದಂಡ ಸಣ್ಣದಲ್ಲ. ಹನ್ನೆರಡು ವರ್ಷದ ಹಿಂದೆ ತನ್ನ ಮದುವೆಗೆ ಮಾಗಡಿ ಆಚೆ ಕಲ್ಯದಲ್ಲಿರುವ ಚಿಕ್ಕಜ್ಜಿಯನ್ನು, ಅಂದರೆ ನಮ್ಮಜ್ಜಿಯ ಒಡಹುಟ್ಟಿದ ತಂಗಿಯನ್ನು, ಕರೆಯಲು ಮಾವನೇ ನನ್ನನ್ನು ಹಿಂದೆ ಕೂರಿಸಿಕೊಂಡು ಸ್ಕೂಟರಿನಲ್ಲಿ ಹೊರಟಿದ್ದ. ಹತ್ತಿರದ ನೆಂಟರನ್ನು ಮನೆಗೇ ಹೋಗಿ, ಕುಂಕುಮ ಕೊಟ್ಟು ಕರೆಯಬೇಕಲ್ಲವೇ? ಮಾಗಡಿ ಬಸ್ ಸ್ಟ್ಯಾಂಡಿನ ಹತ್ತಿರ ಸ್ಕೂಟರಿಗೂ ದಣಿವಾಯಿತು. ಮಾವ ಲಗ್ನಪತ್ರಿಕೆಯನ್ನು ಕಲ್ಯದ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟುಬಿಟ್ಟ!

"ಟಿಕೆಟ್ ಕೊಟ್ಟಂಗೆ ಪತ್ರಿಕೆ ಕೊಡ್ಸವ್ರೆ" ಎಂದು ಚಿಕ್ಕಜ್ಜಿ ಮದುವೆಗೆ ಬರಲಿಲ್ಲ. "ನನ್ ಮಗನ ಮದ್ವೆಗೆ ಬರ್ದೋಳ ಹೊಸ್ತಿಲು ತುಳಿಯಾಕಿಲ್ಲ" ಎಂದು ನಮ್ಮಜ್ಜಿ. ಸ್ಕೂಟರ್ ಕೆಟ್ಟಿತ್ತು ಎಂದು ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಮಾವ ಹೇಳುತ್ತಾನೆಯೇ? "ಪುರ್ಸೊತ್ತಿರ್ನಿಲ್ಲ" ಅಂದ. ನಿಜ ಗೊತ್ತಿದ್ದವನು ನಾನೊಬ್ಬನೇ, ಏಕೆಂದರೆ ಆ ಸ್ಕೂಟರನ್ನು ಮೆಕ್ಯಾನಿಕ್ ಅಂಗಡಿವರೆಗೆ ಹಿಂದಿನಿಂದ ತಳ್ಳಿದವನು ನಾನು. ಬಾಯಿ ಬಿಡುವುದಿಲ್ಲ ಎಂದು ಮಾವ ನನ್ನಿಂದ ಆಣೆ ಮಾಡಿಸಿಕೊಂಡಿದ್ದ.

ಈ ಸಲದ ಅವರೆಕಾಯಿ ಕಾಲಕ್ಕೆ ಚಿಕ್ಕಜ್ಜಿಯೇ ಸೋತು ಫೋನ್ ಮಾಡಿದರು. ಸೋತವರ ದನಿಯಂತೂ ಆಗಿರಲಿಲ್ಲ. "ಭಾನ್ವಾರ ಹಿತಕಿದ ಬೇಳೆ ಸಾರು ಮಾಡ್ತೀನಿ. ಅಕ್ಕ ಬರೋಳಾದ್ರೆ ಬರ್ಲಿ. ಒಂದು ಗಂಟೆಗೆ ಉಣ್ಣಾಕೆ ಕೂರ್ತೀನಿ, ಯಾರ್ಗೂ ಕಾಯಾಕಿಲ್ಲ."

ಅಜ್ಜಿ ಎರಡು ದಿನ ಯೋಚಿಸಿ ಒಪ್ಪಿದಳು, ಒಂದು ಷರತ್ತಿನ ಮೇಲೆ. "ದಾರೀಲಿ ಕಾರು ಕೆಟ್ರೆ ದೇವ್ರು ಬ್ಯಾಡ ಅಂದಂಗೆ. ಅಲ್ಲಿಂದ್ಲೇ ವಾಪಸ್ಸು."

"ನನ್ ಕಾರು ಯಾವತ್ತವ್ವ ಕೆಟ್ಟಿತ್ತು?" ಅಂದ ಮಾವ. ನಾನು ಆಕಾಶ ನೋಡಿದೆ.

ಹೀಗೆ ಮಾವ, ನಾನು, ಹಿಂದೆ ಅಜ್ಜಿ ಮತ್ತು ಅತ್ತೆ ಹೊರಟೆವು. ಅತ್ತೆಯ ಮಡಿಲಲ್ಲಿ ಮಾವ ಚಿಕ್ಕಜ್ಜಿಗೆಂದೇ ಕಡೆದ ಕುಂಕುಮದ ಭರಣಿ. ಮೂರು ದಿನ ಕೂತು ಮಾಡಿದ್ದು, ತುಂಬ ಕುಂಕುಮ ತುಂಬಿತ್ತು, ಮೇಲೆ ಗೋಪುರದಂಥ ಮುಚ್ಚಳ.

ರಾಮನಗರ ದಾಟುತ್ತಲೇ ಬಾನೆಟ್ಟಿನಿಂದ ಹಬೆ ಎದ್ದಿತು. ಮಾವ ಗಂಭೀರವಾಗಿ ಬದಿಗೆ ನಿಲ್ಲಿಸಿ, "ಅವ್ವ, ನೀನು ಬೆಟ್ಟ ನೋಡ್ಲಿ ಅಂತ ನಿಲ್ಸ್ದೆ" ಅಂದ.

"ಎಪ್ಪತ್ತೆಂಟು ವರ್ಷದಿಂದ ನೋಡ್ತಾ ಇವ್ನಿ ಕಣ್ಲಾ ಈ ಬಂಡೆಯ" ಎಂದಳು ಅಜ್ಜಿ.

"ಈ ಕಡೆಯಿಂದ ನೋಡಿಲ್ವಲ್ಲ!"

ಅರ್ಧ ಗಂಟೆ ನಾವು ಬೆಟ್ಟವನ್ನು ಆ ಕಡೆಯಿಂದ ನೋಡಿದೆವು. ಎರಡನೇ ಸಲ ನಿಂತದ್ದು ಸರಿಯಾಗಿ ಒಂದು ಪಂಕ್ಚರ್ ಅಂಗಡಿ ಮುಂದೆ. ಸುತ್ತ ಹಳೇ ಟೈರಿನ ರಾಶಿ. "ಇಲ್ಲಿ ಮಜ್ಜಿಗೆ ಬಲು ಚೆನ್ನಾಗಿರ್ತದೆ" ಅಂದುಬಿಟ್ಟ ಮಾವ! ಅಂಗಡಿಯವನು ಮಾವನ ಮುಖ ನೋಡಿದ, ಅಜ್ಜಿಯ ಮುಖ ನೋಡಿದ, ಏನು ಅರ್ಥವಾಯಿತೋ, ತನ್ನ ಊಟದ ಡಬ್ಬಿಯಿಂದ ಮಜ್ಜಿಗೆ ತಂದು ಅಜ್ಜಿಗೆ ಕೊಟ್ಟ. ರೇಡಿಯೇಟರಿಗೂ ಸದ್ದಿಲ್ಲದೆ ನೀರು ತುಂಬಿಸಿದ. ಅಂಥ ಪುಣ್ಯಾತ್ಮರು ಇದ್ದಾರೆ.

ಮಾಗಡಿ ದಾಟಿದ ಮೇಲೆ ಮೂರನೇ ಸಲ. ಆಗಲೇ ಎರಡು ಗಂಟೆ. ಈ ಸಲ ರೇಡಿಯೇಟರಿನ ಕೆಳಗಿನ ಬಿರಡೆಯೇ ಉದುರಿಹೋಗಿ, ನೀರೆಲ್ಲ ರಸ್ತೆಯಲ್ಲಿ ಹರಿಯುತ್ತಿತ್ತು. ಕಾರಿನಡಿಯಿಂದ ಎದ್ದುಬಂದ ಮಾವನ ಮುಖದಲ್ಲಿ ಬಣ್ಣವಿರಲಿಲ್ಲ. ಸುತ್ತಮುತ್ತ ಬೆಟ್ಟವಿಲ್ಲ, ಅಂಗಡಿಯಿಲ್ಲ. ಕೊನೆಗೆ, "ಅವ್ವ, ಇಲ್ಲಿ ಗಾಳಿ ಚೆನ್ನಾಗೈತೆ" ಅಂದ.

ಅಜ್ಜಿ ಹರಿಯುವ ನೀರನ್ನು ನೋಡಿದಳು. ಈಗ "ವಾಪಸ್ಸು" ಅನ್ನುತ್ತಾಳೆ ಎಂದುಕೊಂಡೆ. ಅವಳು ನಿಧಾನವಾಗಿ ಆಚೆ ಕಿಟಕಿಗೆ ಮುಖ ತಿರುಗಿಸಿ, "ಹೂಂ, ಚೆನ್ನಾಗೈತೆ" ಅಂದಳು.

ಮಾವ ಭರಣಿಯ ಮುಚ್ಚಳ ತೆಗೆದುಕೊಂಡ. ಅದರ ಚೂಪು ತುದಿಗೆ ಕರ್ಚೀಫು ಸುತ್ತಿ, ತೂತಿಗೆ ಬಡಿದು, ತಂತಿ ಬಿಗಿದ. ಪಕ್ಕದ ಹೊಲದ ಪಂಪಿನಿಂದ ನಾನು ನೀರು ಹೊತ್ತೆ. ಅತ್ತೆ ಕುಂಕುಮ ಹಾರದಂತೆ ಭರಣಿಗೆ ಅಂಗೈ ಮುಚ್ಚಿಕೊಂಡು ಕೂತಳು. ಕಾರು ಹೊರಟಿತು.

ಕಲ್ಯ ತಲುಪಿದಾಗ ಮೂರು ಗಂಟೆ. ಯಾರಿಗೂ ಕಾಯದ ಚಿಕ್ಕಜ್ಜಿ ಬಾಗಿಲಲ್ಲೇ ನಿಂತಿದ್ದರು. ಒಳಗೆ ಹಾಸಿದ ಎಲೆಗಳ ತುದಿ ಬಾಡಿತ್ತು, ಒಂದರಲ್ಲೂ ಬಡಿಸಿರಲಿಲ್ಲ. ಅಕ್ಕ ತಂಗಿ ಒಬ್ಬರನ್ನೊಬ್ಬರು ನೋಡಿಕೊಂಡರು. ಅತ್ತೆ ಕೆಂಪಾದ ಅಂಗೈಯಲ್ಲಿ ಭರಣಿ ಮುಂದೆ ಹಿಡಿದಳು.

"ಮುಚ್ಚಳ ಎಲ್ಲಿ?" ಅಂದರು ಚಿಕ್ಕಜ್ಜಿ.

ಜನ್ಮದಲ್ಲಿ ಸುಳ್ಳು ಹೇಳದ ನಮ್ಮಜ್ಜಿ ಥಟ್ಟನೆ ಹೇಳಿದಳು: "ಈಗಿನ ಕಾಲದ್ದು ಕಣೆ, ಮುಚ್ಚಳ ಇರಾಕಿಲ್ಲ."

ಮಾವ ತಾಯಿಯನ್ನೇ ನೋಡಿದ. ಆಮೇಲೆ ತಲೆ ತಗ್ಗಿಸಿ, "ಮುಚ್ಚಳ ರೇಡಿಯೇಟರ್‌ನಾಗೈತೆ ಚಿಕ್ಕವ್ವ. ಕಾರು ಕೆಟ್ಟೋಗಿತ್ತು" ಅಂದ. "ಅವತ್ತು ಸ್ಕೂಟ್ರೂ ಕೆಟ್ಟೋಗಿತ್ತು. ಮಾಗಡೀಲಿ."

"ಇಷ್ಟು ಹೇಳಾಕೆ ಹನ್ನೆರಡು ವರ್ಷ ಬೇಕಾಯ್ತೇನ್ಲಾ?" ಅಂದರು ಚಿಕ್ಕಜ್ಜಿ. "ಸರಿ, ಈಗ ಕರಿ."

ಮಾವ ಅತ್ತೆಯ ಕೈಯಿಂದ ಭರಣಿ ತೆಗೆದುಕೊಂಡು ಎರಡೂ ಕೈಯಲ್ಲಿ ಚಾಚಿದ. ಪಕ್ಕದಲ್ಲಿ ಹನ್ನೆರಡು ವರ್ಷದ ಹಳೆಯ ಹೆಂಡತಿ ನಿಂತಿದ್ದಳು. "ನನ್ ಮದ್ವೆಗೆ ಬರ್ಬೇಕು ಚಿಕ್ಕವ್ವ" ಅಂದ.

ಚಿಕ್ಕಜ್ಜಿ ಒಂದು ಚಿಟಿಕೆ ತೆಗೆದು ಹಣೆಗಿಟ್ಟುಕೊಂಡರು. "ಬತ್ತೀನಿ ಕಣಪ್ಪ" ಅಂದು, ಅಕ್ಕನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು.

ಊಟಕ್ಕೆ ಕರೆಯಲು ಹೊರಗೆ ಬಂದೆ. ಮಾವ ಬಾನೆಟ್ ಎತ್ತಿ, ತಲೆಯನ್ನು ಪೂರ್ತಿ ಒಳಗೆ ಹಾಕಿಕೊಂಡು ನಿಂತಿದ್ದ. ಬೆನ್ನು ಅಲುಗುತ್ತಿತ್ತು. ಆಗ ಕಾರಿಗೆ ಏನೂ ಆಗಿರಲಿಲ್ಲ.